ಪ್ಲಾಸ್ಟರ್ ಇಲ್ಲದ ಸಾಲಿನಲ್ಲಿ

ಆಗ ನನಗೆ ಅರವತ್ತೇಳು; ಮೂರು ವರ್ಷದ ಹಿಂದಿನ ಮಾತು. ಬೆಂಗಳೂರಿನ ಪೀಣ್ಯದಾಚೆ ನಮ್ಮ ಸಾಲಿನ ಯಾವ ಮನೆಗೂ ಸರ್ಕಾರದ ಒಪ್ಪಿಗೆ ಇರಲಿಲ್ಲ. ಜೆಸಿಬಿ ಬಂದು ಕೆಡವಿದರೆ ಹಾಕಿದ ದುಡ್ಡೆಲ್ಲ ದಂಡ ಎಂದು ಯಾರೂ ಗೋಡೆಗೆ ಪ್ಲಾಸ್ಟರ್ ಮಾಡಿಸುತ್ತಿರಲಿಲ್ಲ. ಪಕ್ಕದ ಮನೆಯವನು ಮಾತ್ರ ಬೇರೆ. ಬಾಗಲಕೋಟೆ ಕಡೆಯ ಗಾರೆ ಕೆಲಸದವನು. ಇಂಥ ಮನೆಗಳನ್ನು ಸಕ್ರಮ ಮಾಡುವ ಮಸೂದೆ ವಿಧಾನಸಭೆಗೆ ಬಂತೆಂದು ಟೀವಿಯಲ್ಲಿ ಕೇಳಿದವನೇ ಕರಣೆ ಹಿಡಿದು ತನ್ನ ಗೋಡೆಗೆ ಪ್ಲಾಸ್ಟರ್ ಶುರುಮಾಡಿದ. ಏನು ಕೇಳಿದರೂ ಗಡ್ಡ ಕೆರೆದುಕೊಂಡು, “ಆಗತೈತಿ ಬಿಡಬೇ ಯವ್ವ” ಎನ್ನುತ್ತಿದ್ದ.

ಮಸೂದೆ ಪಾಸಾದ ದಿನ ಮುಂದಿನ ಗೋಡೆ ಮುಗಿಸಿ ಸಾಲಿಗೆಲ್ಲ ಚಹಾ ಕೊಟ್ಟ. ಆಮೇಲೆ ರಾಜ್ಯಪಾಲರು ಸಹಿ ಹಾಕದೆ ವಾಪಸು ಕಳಿಸಿದರು. ನಾನೇ ಹೋಗಿ ಹೇಳಿದೆ.

“ನಿನ್ ಬಿಲ್ಲು ವಾಪಸ್ ಬಂತಂತೆ ಕಣೋ. ಸಿಮೆಂಟೆಲ್ಲ ಮಣ್ಣುಪಾಲಾಯ್ತು.”

ಪಕ್ಕದ ಗೋಡೆಯ ಮೇಲೆ ಆಡುತ್ತಿದ್ದ ಅವನ ಕರಣೆ ನಿಲ್ಲಲಿಲ್ಲ. “ಬಿಲ್ ವಾಪಸ್ ಹೋಗೇತಿ. ನಾ ಎಲ್ಲಿ ಹೋಗೀನಿ?”

“ಜೆಸಿಬಿ ಬಂದ್ರೆ?”

“ಬರ್ಲಿ. ಇಷ್ಟು ಚಂದ ಗ್ವಾಡಿ ಕೆಡವಾಕ ಅವನ ಕೈನೂ ನಡಗಬೇಕು. ಬಿಲ್ ಮತ್ತ ತರ್ತಾರ. ಆಗತೈತಿ ಬಿಡಬೇ ಯವ್ವ.”

ನನ್ನ ಮನೆಯ ಇಟ್ಟಿಗೆ ಕಟ್ಟಿಸಿದಾಗಿನಿಂದ ಬರಿಮೈಯಲ್ಲೇ ನಿಂತಿತ್ತು. ಮರುದಿನ ಬೆಳಗ್ಗೆ ಅಂಗಡಿಗೆ ಹೋಗಿ ಅದಕ್ಕೆಂದು ಒಂದು ಮೂಟೆ ಸಿಮೆಂಟು ಆಟೋದಲ್ಲಿ ತಂದು ಅವನ ಬಾಗಿಲ ಮುಂದೆ ಇಳಿಸಿಸಿದೆ.