ಹಂಸ ಮಾರ್ಕಿನ ನೀಲಿ

ಓಣಿಯವರೆಲ್ಲ ಅವಳನ್ನು ಬಣ್ಣದತ್ತೆ ಎಂದೇ ಕರೆಯುತ್ತಿದ್ದರು. ಹಂಸ ಮಾರ್ಕ್ ದಾರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳದು ಒಂದೇ ಕೆಲಸ: ಕಸೂತಿ ದಾರದ ಎಳೆಗಳನ್ನು ಬೆರಳುದ್ದ ಕತ್ತರಿಸಿ, ರಟ್ಟಿನ ತೂತುಗಳಿಗೆ ಪೋಣಿಸಿ, ಪಕ್ಕದಲ್ಲಿ ನಂಬರು ಬರೆಯುವುದು. ಅಂಗಡಿಯವರು ಆ ರಟ್ಟು ನೋಡಿಯೇ ಬೇಕಾದ ಬಣ್ಣ ತರಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತು, ಯಂತ್ರಗಳ ಗುಂಯ್‌ಗುಡುವ ಸದ್ದಿನಲ್ಲಿ, ಕಣ್ಣು ತೆರೆದಿರುವಾಗಲೇ ಅವಳಿಗೆ ಜೋಂಪು ಹತ್ತುತ್ತಿತ್ತು. ಆಗ ಹಳದಿಯೊಳಗಿಂದ ಕಿತ್ತಳೆ, ಕಿತ್ತಳೆಯೊಳಗಿಂದ ಕೆಂಪು ಮೆಲ್ಲಗೆ ನಡೆದು ಬರುತ್ತಿದ್ದವು. ಕನಸುಗಳೂ ಅಷ್ಟೇ, ನಂಬರಿನ ಸಮೇತ ಬೀಳುತ್ತಿದ್ದವು.

ಆಮೇಲೆ ದಾರ ಸುತ್ತುವ ಮರದ ಉರುಳೆ ಹೋಗಿ ಪ್ಲಾಸ್ಟಿಕ್ ಬಂತು. ಮನೆಯಲ್ಲಿ ಕೂತು ಕಸೂತಿ ಹಾಕುವವರು ಕಡಿಮೆಯಾದರು. ಯಾರೋ ದೂರದವರು ಹಂಸದ ಹೆಸರನ್ನು ಮಾತ್ರ ಕೊಂಡುಕೊಂಡರು. ದಾರಕ್ಕೆ ಅಂಟಿಸುವ ಚೀಟಿಯ ಮೇಲೆ ಹಂಸವೇನೋ ಉಳಿಯಿತು, ಆದರೆ ಅದರ ಕತ್ತು ಗಿಡ್ಡವಾಯಿತು. ಎಪ್ಪತ್ತು ಬಗೆಯ ನೀಲಿ ಹನ್ನೆರಡಕ್ಕಿಳಿಯಿತು. ಕಾರ್ಖಾನೆಗೆ ಬೀಗ ಬಿತ್ತು.

ಹತ್ತು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಶಾಲೆಯ ಟೀಚರೊಬ್ಬಳು ಮೇಜಿನ ಬಟ್ಟೆಯೊಂದನ್ನು ಹಿಡಿದು ಬಂದಳು. ತೀರಿಹೋದ ಅವಳ ತಾಯಿ ಹಾಕುತ್ತಿದ್ದ ಕಸೂತಿ. ಕೊನೆಯ ನೀಲಿ ಹೂವಿನಲ್ಲಿ ಮೂರು ಎಸಳು ಬಾಕಿ.

"ಎಲ್ಲಾ ಅಂಗಡಿ ತಿರುಗಿದೆ ಅತ್ತೆ, ಈ ನೀಲಿ ಎಲ್ಲೂ ಸಿಗ್ಲಿಲ್ಲ. ನಿಮ್ಮನ್ನ ಕೇಳು ಅಂದ್ರು."

ಬಣ್ಣದತ್ತೆ ಬಟ್ಟೆಯನ್ನು ಕಿಟಕಿಯ ಬಳಿ ಒಯ್ದು ಮಗುಚಿದಳು. "ಹಂಸದ್ದೇ. ನಾನೂರ ಹದಿನೇಳು. ಮುಂದೆ ಮಾಸಿದೆ, ಹಿಂದೆ ಇನ್ನೂ ಹಾಗೇ ಇದೆ ನೋಡು."

ಇಬ್ಬರೂ ಗುಂಡಿ, ಲೇಸು ಮಾರುವ, ಟೀಚರ ಕಣ್ಣಿಗೆ ಬಿದ್ದಿರದ ಒಂದು ಹಳೆಯ ಅಂಗಡಿಗೆ ಹೋದರು. ಅಲ್ಲಿನ ಮುದುಕ ಗಾಜಿನ ಪೆಟ್ಟಿಗೆಯಿಂದ ಒಂದು ಉಂಡೆ ತೆಗೆದು ಊದಿದ. "ನಂಬರೇನೋ ಅದೇ. ಇಷ್ಟು ವರ್ಷ ಬಿಸಿಲು ಕಾಯಿಸ್ತಾ ಕೂತಿದೆ, ನನ್ನ ಹಾಗೆ."

ದಾರ ಬೂದಿ ಬಣ್ಣಕ್ಕೆ ತಿರುಗಿತ್ತು. ಟೀಚರ ಮುಖ ಸಪ್ಪಗಾಯಿತು. ಬಣ್ಣದತ್ತೆ ಎಳೆ ಬಿಚ್ಚುತ್ತ ಹೋದಳು. ಸುತ್ತು ಕಳಚಿದಂತೆಲ್ಲ ಬೂದಿ ತೆಳುವಾಯಿತು. ನಸುಕಿನಂಥ ಬಣ್ಣವೊಂದು ಮೂಡಿತು. ಆಮೇಲೆ, ನೀರಿನಾಳದಿಂದ ಎದ್ದು ಬಂದ ಹಾಗೆ, ಆ ನೀಲಿ. ಮುದುಕನೂ ಕನ್ನಡಕ ಸರಿಮಾಡಿಕೊಂಡು ಬಾಗಿದ.

"ನೀವೇ ಹಾಕಿಕೊಡಿ ಅತ್ತೆ," ಎಂದಳು ಟೀಚರು. "ಇಷ್ಟು ಪಳಗಿದ ಕೈ ಇನ್ನೆಲ್ಲಿ ಸಿಗುತ್ತೆ?"

ಬಣ್ಣದತ್ತೆಗೆ ನಾಚಿಕೆಯಾಯಿತು. "ನಾನು ಬರೀ ದಾರ ಕತ್ತರಿಸಿದವಳು ಕಣಮ್ಮ. ಈ ಜನ್ಮದಲ್ಲಿ ಒಂದು ಹೂವೂ ಹಾಕಿಲ್ಲ."

ಟೀಚರು ಅವಳ ಮುಖವನ್ನೇ ನೋಡಿ, ನಕ್ಕುಬಿಟ್ಟಳು. "ಅಮ್ಮ ಕಲಿಸಿದ್ದು ನಂಗೆ ಅಷ್ಟಿಷ್ಟು ನೆನಪಿದೆ. ಇಬ್ಬರೂ ಸೇರಿ ಹಾಕೋಣ."

ಭಾನುವಾರಗಳು ಹಾಗೆ ಶುರುವಾದವು. ಬಣ್ಣದತ್ತೆಯ ಮೊದಲ ಎಸಳು ಸೊಟ್ಟಗೆ ಬಂತು. ಅವಳು ಬಿಚ್ಚಲು ಹೊರಟಾಗ ಟೀಚರು ಕೈ ಹಿಡಿದಳು.

"ಇರಲಿ ಬಿಡಿ. ಅಮ್ಮನ ಮೊದಲ ಹೂವೂ ಹೀಗೇ ಇದೆ, ಈ ಮೂಲೇಲಿ ನೋಡಿ."

ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು. ಮೂರನೆಯದನ್ನು ಟೀಚರೇ ಹಾಕಿ, ಗಂಟು ಬಿಗಿದು, ಹೂವನ್ನು ಅಂಗೈಯಿಂದ ಸವರಿದಳು.

ಮುಂದಿನ ವಾರ ಬಣ್ಣದತ್ತೆ ಸ್ವಂತಕ್ಕೆಂದು ಮೊಳದಷ್ಟು ಬಿಳಿ ಬಟ್ಟೆ ಕೊಂಡಳು. ಏನು ಹಾಕುವುದೆಂದು ಇನ್ನೂ ಹೊಳೆದಿರಲಿಲ್ಲ. ಅದನ್ನು ತೊಡೆಯ ಮೇಲೆ ಹರವಿಕೊಂಡು, ಮಧ್ಯಾಹ್ನವಿಡೀ ನೋಡುತ್ತ ಕೂತಿದ್ದಳು.