ನೀರಿಗೆ ಹಾದಿ ಕೇಳಿದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗದಗದ ಕಡೆಯಿಂದ ಬಂದು ಯಲಹಂಕದ ಕಾಲೇಜಿನಲ್ಲಿ ಪಾಠ ಹೇಳುವವಳು ನಾನು. ಕಾಲೇಜಿಗೆ ಹತ್ತಿರವೆಂದು ಸಿಂಗಾಪುರ ಎನ್ನುವ ಬೆಂಗಳೂರಿನದೇ ಹಳೇ ಹಳ್ಳಿಯಲ್ಲಿ ಹಿಡಿದ ಬಾಡಿಗೆ ಮನೆಗೆ ಎರಡನೇ ವರ್ಷವೂ ಮಳೆನೀರು ನುಗ್ಗಿದಾಗ ಆ ಸಿಟ್ಟು ನೆತ್ತಿಗೇರಿತು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ಬೀದಿಯಲ್ಲೇ ಮಳೆಗಾಲಕ್ಕೆ ಮೊಣಕಾಲುದ್ದ ನೀರು. ಹದವಾದ ಮಳೆ ಎನ್ನುವುದೇ ಇಲ್ಲ. ವಾರವಿಡೀ ಬೀಳಬೇಕಾದ್ದು ಒಂದೇ ಮಧ್ಯಾಹ್ನ ಸುರಿಯುತ್ತದೆ. ಅದನ್ನು ಕೆರೆಗೆ ಒಯ್ಯುತ್ತಿದ್ದ ರಾಜಕಾಲುವೆಯ ಮೇಲೆ ಯಾವತ್ತೋ ಮನೆಗಳು ಎದ್ದಿದ್ದವು. ಕೆರೆಗೆ ಹೋಗಬೇಕಾದ ನೀರು ನನ್ನ ಅಡುಗೆಮನೆಗೆ ಬರುತ್ತಿತ್ತು.

ಹವಾಮಾನ ಕೆಟ್ಟದ್ದೂ ಕೆರೆ ಸತ್ತದ್ದೂ ಒಂದೇ ಕಥೆ ಎಂದು ಕರಪತ್ರ ಬರೆದೆ. ಬೀದಿಯವರಿಂದ ಸಹಿ ಹಾಕಿಸಿದೆ, ಧರಣಿ ಕೂತೆ. ವಾರ್ಡ್ ಸಭೆಯಲ್ಲಿ ಎದ್ದು ನಿಂತು, "ಯಾರ ಮನೀನ ಇರ್ಲಿ, ಕಾಲುವಿ ಮ್ಯಾಲಿದ್ರ ಕೆಡವ್ರಿ. ನೀರಿಗೆ ಹಾದಿ ಬಿಡ್ರಿ" ಎಂದು ಮೇಜು ಗುದ್ದಿದೆ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿದ್ದ ನನ್ನ ಓನರಮ್ಮ ಮಾತ್ರ ಕೈ ತಟ್ಟದೆ ನನ್ನನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದರು. ಮನೆಯ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ನಾನು. ಅವರ ಮಾವನವರು ಊರಿನ ನೀರುಗಂಟಿ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದವರು. ಗದ್ದೆಗಳೆಲ್ಲ ಸೈಟುಗಳಾಗಿ ಎಷ್ಟೋ ಕಾಲವಾಗಿತ್ತು.

ಆರು ತಿಂಗಳು ಅಲೆದ ಮೇಲೆ ಸರ್ವೆಯವರು ಬಂದರು. ಹಳೇ ಗ್ರಾಮನಕ್ಷೆ ಹಿಡಿದು ಬಾಂದುಕಲ್ಲು, ಅಂದರೆ ಅಳತೆಗೆಂದು ನೆಟ್ಟ ಗಡಿಕಲ್ಲು, ಎಲ್ಲಿದೆಯೆಂದು ಬೀದಿಯುದ್ದಕ್ಕೂ ಹುಡುಕಿದರು. ಸಿಗಲಿಲ್ಲ. ಅಂದಾಜಿನ ಮೇಲೆ ಟೇಪು ಎಳೆದು ನಮ್ಮ ಹಿಂದಿನ ಗೋಡೆಗೆ ಕೆಂಪು ಬಣ್ಣ ಬಳಿದರು. ಹೋಗುವುದು ನನ್ನ ಅಡುಗೆಮನೆ.

ಹೇಳಲು ನಾಚಿಕೆಯಾಗುತ್ತದೆ. "ಸರ್, ಒಂದೆರಡು ಅಡಿ ಆಚೆ ಸರಸಾಕ ಬರಂಗಿಲ್ಲೇನ್ರಿ? ವಯಸ್ಸಾದವ್ರ ಮನಿ" ಎಂದೆ. ವಯಸ್ಸು ಅವರದು, ಒಲೆ ನನ್ನದು.

ಸರ್ವೆಯವರು ದನಿ ತಗ್ಗಿಸಿದರು. "ಕಲ್ಲೇ ಸಿಕ್ಕಿಲ್ಲ ಮೇಡಂ. ಕಾಲುವೆ ಗುರುತು ಪತ್ತೆ ಇಲ್ಲ ಅಂತ ಬರ್ದ್ಬಿಟ್ರೆ ಇಡೀ ಬೀದಿ ಉಳ್ಕೊಳುತ್ತೆ. ಏನ್ ಮಾಡ್ಲಿ, ಹೇಳಿ?"

ಸಭೆಯಲ್ಲಿ ಮೇಜು ಗುದ್ದಿದ ನಾನು ಬೇಡ ಎನ್ನಲಿಲ್ಲ. ಹೂಂ ಎನ್ನುವ ಧೈರ್ಯವೂ ಬರಲಿಲ್ಲ.

ಓನರಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. "ಕಲ್ಲು ಒಳಗೈತೆ, ಬನ್ನಿ ಸ್ವಾಮಿ" ಎಂದು ತಮ್ಮ ದೇವರ ಮನೆಯ ಬಾಗಿಲು ತೆಗೆದರು. ನೆಲದಿಂದ ಮೊಳದುದ್ದ ಎದ್ದ ಕಲ್ಲು, ಅದಕ್ಕೆ ಅರಿಶಿನ, ಕುಂಕುಮ, ಕಣಗಿಲೆ ಹೂವು. ಮುನೇಶ್ವರನೆಂದು ತಿಳಿದು ನಾನೂ ಎಷ್ಟೋ ಶುಕ್ರವಾರ ಅದಕ್ಕೆ ಕೈ ಮುಗಿದಿದ್ದೆ.

"ಮುಂಗಾರಿಗೆ ಮುಂಚೆ ಕಾಲ್ವೆ ಹೂಳು ತೆಗ್ಯಾಕೆ ಓಗೋವಾಗ ನಮ್ ಮಾವ ಇದಕ್ಕೆ ಪೂಜೆ ಮಾಡೋರು. ನಮ್ಮೆಜಮಾನ್ರು ಮನೆ ಕಟ್ವಾಗ ಇದನ್ನ ಕೀಳಾಕೆ ಎದರ್ಕೊಂಡು ಸುತ್ತ ಗೋಡೆ ಎಬ್ಬುಸ್ಬುಟ್ರು. ಕಲ್ಲು ಉಳೀತು, ಕಾಲ್ವೆ ಓಯ್ತು" ಎಂದರು.

ಸರ್ವೆಯವರು ಕುಕ್ಕರಗಾಲಲ್ಲಿ ಕೂತು ಕುಂಕುಮ ಒರೆಸಿ ಕಲ್ಲಿನ ಮೇಲಿನ ಗುರುತನ್ನು ನಕ್ಷೆಯೊಂದಿಗೆ ತಾಳೆ ನೋಡಿದರು. ಮತ್ತೆ ಟೇಪು ಎಳೆದರು. ಈ ಸಲದ ಗೆರೆ ನನ್ನ ಅಡುಗೆಮನೆ ದಾಟಿ, ಅವರ ನಡುಮನೆ ಸೀಳಿ, ದೇವರ ಮನೆಗೆ ಬಂದು ನಿಂತಿತು. ಅವರಿಗೆ ಉಳಿಯುವುದು ಜಗಲಿ ಮತ್ತು ಒಂದು ಕೋಣೆ.

ನನಗೆ ಅಳು ತಡೆಯಲಾಗಲಿಲ್ಲ. "ಯಾಕ್ ತೋರ್ಸಿದ್ರಿ ಅಮ್ಮಾ? ಸುಮ್ನಿದ್ದಿದ್ರ ಆಗ್ತಿತ್ತಲ್ರೀ" ಎಂದೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. ನಿಜಕ್ಕೂ ಅರ್ಥವಾಗದವರಂತೆ ನನ್ನ ಮುಖ ನೋಡಿದರು.

"ಅಂಗಂದ್ರೆ ಎಂಗೆ ಮೇಡಮ್ಮೋರೆ?" ಎಂದರು. "ಅವತ್ತು ಸಭೇಲಿ ನೀವಂದಿದ್ದನ್ನ ನಾನು ನಿಜ ಅಂತ ನಂಬ್ಕಂಡೆ."