ಇಬ್ಬರು ಅಳಿಯಂದಿರ ಸದ್ದು

ಹಾಡಿಗೆ ಹದ ಹಿಡಿಯುವುದು ನನ್ನ ಕಸುಬು. ಆದರೆ ನನ್ನ ಎಡಗಿವಿ ಸ್ವಲ್ಪ ಮಂದ. ಈ ಗುಟ್ಟು ಹೆಂಡತಿಯೊಬ್ಬಳಿಗೇ ಗೊತ್ತು. ಎಡಗಡೆ ನಿಂತು ತರಕಾರಿ ತನ್ನಿ ಎಂದರೆ ನನಗೆ ಕೇಳಿಸುವುದಿಲ್ಲವೆಂದೂ, ಊಟಕ್ಕೆ ಬನ್ನಿ ಎಂದರೆ ಎರಡು ಕಡೆಯಿಂದಲೂ ಕೇಳಿಸುತ್ತದೆಂದೂ ಅವಳ ಸಂಶೋಧನೆ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅಂಗಡಿಯ ಮೇಲೆ ನನ್ನ ಸ್ಟುಡಿಯೋ. ಮೇಲೆ ಹಾಡು ಶುರುವಾದರೆ ಕೆಳಗೆ ನಯಾಜ್ ಸಾಬರು ಪಾಪ, ಬೊಂಬೆ ಕಡೆಯುವ ಲೇತ್ ನಿಲ್ಲಿಸಿ ಚಹಾಕ್ಕೆ ಹೋಗುತ್ತಾರೆ. ಹಾಡಿಸುವುದೇನೋ ಸುಲಭ. ಆಮೇಲೆ ಯಾವ ವಾದ್ಯ ಏರಿಸಬೇಕು, ಯಾವುದನ್ನು ಇಳಿಸಬೇಕು ಎನ್ನುವುದೇ ತಲೆನೋವು. ಒಂದೇ ಮೈಕಿದ್ದ ಕಾಲದಲ್ಲಿ ಇದು ಚಾಪೆಯಲ್ಲೇ ಇತ್ಯರ್ಥವಾಗುತ್ತಿತ್ತಂತೆ. ಜೋರಾಗಿ ಬಾರಿಸುವವನ ಚಾಪೆಯನ್ನು ಬಾಗಿಲ ಹತ್ತಿರಕ್ಕೆ ಎಳೆದರೆ ಮುಗಿಯಿತು. ಈಗ ಎಲ್ಲರಿಗೂ ಒಂದೊಂದು ಮೈಕು, ಎಲ್ಲರಿಗೂ ಮುಂದಿನ ಸಾಲೇ ಬೇಕು.

ಮೊನ್ನೆ ಉಯ್ಯಂಬಳ್ಳಿ ಕಡೆಯ ಭಜನೆ ತಂಡವೊಂದು ಬಂದಿತ್ತು. ಹಾಡುವವರು ಕೆಂಪಯ್ಯ. ಹಾರ್ಮೋನಿಯಂ, ಅವರ ಬಾಯಲ್ಲಿ ಪೆಟ್ಟಿಗೆ, ದೊಡ್ಡಳಿಯ ಸಿದ್ದರಾಜುವಿನದು. ತಬಲ ಚಿಕ್ಕಳಿಯ ಶಿವಣ್ಣನದು. ಬುತ್ತಿ ಕಟ್ಟಿಕೊಂಡು ಕೆಂಪಯ್ಯನವರ ಹೆಂಡತಿ ಚಿಕ್ಕತಾಯಮ್ಮನವರೂ ಬಂದಿದ್ದರು. ಹಿಂದೆ ಬೇರೆಲ್ಲೋ ಮಾಡಿಸಿದ ರೆಕಾರ್ಡಿಂಗಿನಲ್ಲಿ ತಬಲ ಪೆಟ್ಟಿಗೆಯನ್ನು ನುಂಗಿಹಾಕಿ, ಷಡ್ಕರಿಬ್ಬರ ನಡುವೆ ಮಾತು ನಿಂತಿತ್ತು. ಈ ಸಲವೂ ಹಾಗಾದರೆ ಪೆಟ್ಟಿಗೆ ಮುಟ್ಟುವುದಿಲ್ಲವೆಂದು ಸಿದ್ದರಾಜು ಮೊದಲೇ ಹೇಳಿಬಿಟ್ಟಿದ್ದ. ಪೆಟ್ಟಿಗೆ ನಿಂತರೆ ಅವರ ಮನೆಯ ಶನಿವಾರದ ಭಜನೆಯೂ ನಿಂತಂತೆ. ಕೆಂಪಯ್ಯನವರು ಹಾಡಿ ಮುಗಿಸಿ, ಮುಖ ಸಪ್ಪಗೆ ಮಾಡಿಕೊಂಡು ಮೂಲೆಯಲ್ಲಿ ಕೂತರು.

ಹಾಡು ಕೇಳಿಸಿದೆ. ಪೆಟ್ಟಿಗೆ ಕಮ್ಮಿಯಾಯಿತು ಎಂದ ಸಿದ್ದರಾಜು. ಏರಿಸಿದೆ. ಶಿವಣ್ಣ ತನ್ನ ತೊಡೆಯನ್ನೇ ತಬಲದಂತೆ ಬಾರಿಸತೊಡಗಿದ. ತಬಲವನ್ನೂ ಏರಿಸಿದೆ. ಏರಿಸುತ್ತಾ ಏರಿಸುತ್ತಾ ಪರದೆಯ ಮೇಲೆ ಸದ್ದು ಮಿತಿಮೀರಿತೆಂಬ ಕೆಂಪು ಗೆರೆ ಬಂತೇ ಹೊರತು ಇಬ್ಬರಿಗೂ ಸಮಾಧಾನ ಬರಲಿಲ್ಲ. ಸಾರಿನಲ್ಲಿ ಇಂಗು ಇರಬೇಕು, ಆದರೆ ಎದ್ದು ಕಾಣಬಾರದು ಎಂದು ಒಂದು ಉಪನ್ಯಾಸ ಬಿಗಿದೆ. ನಮ್ಮಲ್ಲಿ ಇಂಗು ಯಾರು ಎಂಬಂತೆ ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದರು.

ಕೊನೆಗೆ ಚಿಕ್ಕತಾಯಮ್ಮನವರ ಕಡೆ ತಿರುಗಿದೆ. ಅಳಿಯಂದಿರಿಗೆ ಬಡಿಸಿ ಅಭ್ಯಾಸವಿರುವವರು. ಒಬ್ಬನ ತಟ್ಟೆಗೆ ಕೋಳಿ ಕಾಲು ಬಿದ್ದರೆ ಇನ್ನೊಬ್ಬನ ತಟ್ಟೆಗೂ ಬೀಳಬೇಕು. ಕೋಳಿಗೆ ಎರಡು ಕಾಲಿರುವುದು ಅತ್ತೆಯರ ಪುಣ್ಯ. ಯಾರದನ್ನು ಜಾಸ್ತಿ ಮಾಡಲಿ, ನೀವೇ ಹೇಳಿ ಎಂದೆ.

“ಇಬ್ರುದೂವೆ ಒಸಿ ಇಳ್ಸಪ್ಪ,” ಎಂದರು. “ಶನಿವಾರ ಶನಿವಾರ ನಾನು ಒಳಗೆ ಒಲೆ ಮುಂದೆ ಇರ್ತೀನಿ. ಗೋಡೆ ದಾಟಿ ಬರೋದು ಇವ್ರಿಬ್ರುದೇ ಸದ್ದು. ನಮ್ಮನೆಯವ್ರು ಏನ್ ಹಾಡ್ತಾರೆ ಅಂತ ಇವತ್ತಾದ್ರೂ ಕೇಳಾನ.”

ಕೆಂಪಯ್ಯನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅಷ್ಟು ಹೊತ್ತಿನಿಂದ ಹಾಡುವವರ ದನಿ ಹೇಗಿದೆಯೆಂದು ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನಾಚಿಕೆಯಾಯಿತು.

ಎರಡನ್ನೂ ಇಳಿಸಿದೆ. ಸ್ವಲ್ಪ ಒಡಕು ದನಿ, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. ಚಿಕ್ಕತಾಯಮ್ಮನವರು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು, ಮೂಲೆಯಲ್ಲೇ ಇದ್ದ ಗಂಡನ ಕಡೆ ನೋಡದೆ, ಪೂರ್ತಿ ಕೇಳಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಎಂದರು.

“ನಂದು ಇನ್ನೂ ಒಸಿ ಇಳ್ಸಿ ಸಾರ್,” ಎಂದ ಸಿದ್ದರಾಜು. ಹಾಗಾದರೆ ತನ್ನದು ಅದಕ್ಕಿಂತ ಕೆಳಗಿರಲಿ ಎಂದ ಶಿವಣ್ಣ. ಈಗ ಇಳಿಯುವುದರಲ್ಲಿ ಪೈಪೋಟಿ! ಇನ್ನೂ ಇಳಿಸಿದರೆ ಭಜನೆ ಹೋಗಿ ಬರೀ ಭಾಷಣವಾಗುತ್ತದೆಂದು ಹೆದರಿಸಿ ನಿಲ್ಲಿಸಿದೆ. ಪೆಟ್ಟಿಗೆ ಬಿಡುವ ಮಾತು ಮತ್ತೆ ಬರಲಿಲ್ಲ. ಶನಿವಾರ ಭಜನೆಗೆ ಬನ್ನಿ ಎಂದು ನನ್ನನ್ನೂ ಕರೆದು, ಮೆಟ್ಟಿಲಿಳಿಯುವಾಗ ಶಿವಣ್ಣನ ತಬಲವನ್ನು ಸಿದ್ದರಾಜು ಹೊತ್ತುಕೊಂಡ.

ಅಂದು ಸಂಜೆ ಮನೆಗೆ ಬಂದವನು ಅಡುಗೆಮನೆಗೆ ಬಲಗಿವಿ ಕೊಟ್ಟು ಕೂತೆ. ಹೆಂಡತಿ ಒಳಗೆ ತನ್ನಷ್ಟಕ್ಕೆ ಏನನ್ನೋ ಗುನುಗುತ್ತಿದ್ದಳು. ಇಷ್ಟು ವರ್ಷ ಅದನ್ನು ಫ್ರಿಜ್ಜಿನ ಸದ್ದೆಂದುಕೊಂಡಿದ್ದೆ.